4ಡಿ ಬಿಮ್: ಮಾಡೆಲ್‌ಗೂ ಶೆಡ್ಯೂಲ್‌ಗೂ ಗಂಟು ಹಾಕುವಾಗ ಎಲ್ಲೆಲ್ಲಿ ಕೈಕೊಡುತ್ತೆ?

ಗೆಜ್ಜಲಗೆರೆ ಪ್ಲಾನರ್

ಎಲ್ಲರಿಗೂ ನಮಸ್ಕಾರ. 4ಡಿ ಬಿಮ್, ಅಂದರೆ ಕಟ್ಟಡದ 3ಡಿ ಮಾಡೆಲ್‌ಗೆ ಕೆಲಸದ ತಾರೀಕು ಸೇರಿಸೋದು, ಮಾಡ್ತಿದ್ದೇನೆ. ಮಂಡ್ಯ ಕಡೆಯ ಒಂದು ಹಾಸ್ಟೆಲ್ ಕಟ್ಟಡ, ಜಿ+4, ಮಹಡಿಗೆ ಸುಮಾರು 900 ಚದರ ಮೀಟರ್. ಆರ್ಕಿಟೆಕ್ಟ್ ಕೊಟ್ಟಿರೋದು ರೆವಿಟ್ ಮಾಡೆಲ್, ಎಲ್‌ಒಡಿ (ಮಾಡೆಲ್‌ನ ವಿವರದ ಮಟ್ಟ) 300. ಶೆಡ್ಯೂಲ್ ಎಂಎಸ್ ಪ್ರಾಜೆಕ್ಟ್‌ನಲ್ಲಿದೆ. ಎರಡನ್ನೂ ಜೋಡಿಸಿ ತೋರಿಸೋ ನೇವಿಸ್‌ವರ್ಕ್ಸ್ ಟೈಮ್‌ಲೈನರ್‌ಗೆ ತಂದರೆ ಮೂರು ತೊಂದರೆ ಎದುರಾಗ್ತಿವೆ.

ಮಾಡೆಲ್‌ನಲ್ಲಿ ಇಡೀ ಮಹಡಿಯ ಸ್ಲ್ಯಾಬ್ ಒಂದೇ ದಿನ ಮೂಡಿಬಿಡುತ್ತೆ. ಸೈಟ್‌ನಲ್ಲಿ ಮೋಲ್ಡ್ (ಕಾಂಕ್ರೀಟ್) ಹಾಕೋದು ಮೂರು ಸಲಕ್ಕೆ. ಹೊಸ ರಿವಿಷನ್ ಬಂದಾಗಲೆಲ್ಲ ಅರ್ಧ ಲಿಂಕ್ ಕಳಚಿಕೊಳ್ಳುತ್ತೆ. ಇನ್ನೊಂದು, ಯಾವ ಬದಲಾವಣೆ ಯಾಕಾಯ್ತು, ಯಾರು ಒಪ್ಪಿದ್ದು ಅನ್ನೋದೆಲ್ಲ ವಾಟ್ಸಾಪ್ ಗುಂಪುಗಳಲ್ಲೇ ಇದೆ, ಬೇಕಾದಾಗ ಸಿಗಲ್ಲ.

ಓನರ್‌ಗೆ ವಿಡಿಯೋ ತೋರಿಸೋದು ನನ್ನ ಉದ್ದೇಶ ಅಲ್ಲ. ವಾರದ ಕೆಲಸ ಇದರ ಮೇಲೆ ನಡೀಬೇಕು. ಎಲ್ಲಿಂದ ಸರಿಮಾಡೋದು?

ಹೂಟಗಳ್ಳಿ ಮಾಡೆಲರ್

ಮೊದಲು ಸ್ಲ್ಯಾಬ್. ಆರ್ಕಿಟೆಕ್ಟ್ ಬರೆಯೋದು ಕಟ್ಟಡ ಮುಗಿದ ಮೇಲೆ ಹೇಗಿರುತ್ತೆ ಅಂತ, ಕಟ್ಟೋ ಕ್ರಮ ಅವರ ಫೈಲ್‌ನಲ್ಲಿ ಇರೋದೇ ಇಲ್ಲ. ಅವರ ಫ್ಲೋರ್ ಎಲಿಮೆಂಟ್‌ನ ಒಡೆಯೋಕೆ ಹೋಗಬೇಡಿ, ಮುಂದಿನ ರಿವಿಷನ್‌ನಲ್ಲಿ ಮತ್ತೆ ಒಂದಾಗಿ ಬರುತ್ತೆ. ರೆವಿಟ್‌ನಲ್ಲಿ 'ಕ್ರಿಯೇಟ್ ಪಾರ್ಟ್ಸ್' ಕೊಟ್ಟು, ಕನ್‌ಸ್ಟ್ರಕ್ಷನ್ ಜಾಯಿಂಟ್ (ಒಂದು ಸಲದ ಕಾಂಕ್ರೀಟ್ ನಿಲ್ಲೋ ಗೆರೆ) ಬರೋ ಕಡೆ ರೆಫರೆನ್ಸ್ ಪ್ಲೇನ್ ಎಳೆದು 'ಡಿವೈಡ್ ಪಾರ್ಟ್ಸ್' ಮಾಡಿ. ಜಾಯಿಂಟ್ ಎಲ್ಲಿ ಅಂತ ಸ್ಟ್ರಕ್ಚರಲ್ ಇಂಜಿನಿಯರ್ ಕೈಲಿ ಗುರುತು ಹಾಕಿಸಿಕೊಂಡೇ ಕತ್ತರಿಸಿ. ನೇವಿಸ್‌ವರ್ಕ್ಸ್‌ಗೆ ಎಕ್ಸ್‌ಪೋರ್ಟ್ ಮಾಡುವಾಗ 'ಕನ್ವರ್ಟ್ ಕನ್‌ಸ್ಟ್ರಕ್ಷನ್ ಪಾರ್ಟ್ಸ್' ಟಿಕ್ ಇರಬೇಕು. ಅದನ್ನ ಬಿಟ್ಟರೆ ಪಾರ್ಟ್ಸ್ ಹೋಗಲ್ಲ, ಹಳೆಯ ಇಡೀ ಸ್ಲ್ಯಾಬೇ ಹೋಗುತ್ತೆ. ಎರಡು ದಿನದ ಕೆಲಸ ಏನಾಯ್ತು ಅಂತ ತಲೆ ಕೆರೆದುಕೊಳ್ಳಬೇಕಾಗುತ್ತೆ.

ಕಾಲಂ (ಕಂಬ) ಕೂಡ ನೋಡಿ. ಫುಟಿಂಗ್‌ನಿಂದ ಟೆರೇಸ್ ತನಕ ಒಂದೇ ಉದ್ದಕ್ಕೆ ಎಳೆದಿದ್ದರೆ ಪ್ರತಿ ಲೆವೆಲ್‌ಗೂ ಕತ್ತರಿಸಬೇಕು. ಲಿಫ್ಟ್ ಗೋಡೆಗೂ ಅದೇ.

ಆಮೇಲೆ ಗಂಟು. ಹೆಸರು ನೋಡಿ ಕೈಯಿಂದ ಅಟ್ಯಾಚ್ ಮಾಡೋದನ್ನ ಇವತ್ತೇ ನಿಲ್ಲಿಸಿ. ಒಂದು ಶೇರ್ಡ್ ಪ್ಯಾರಾಮೀಟರ್ (ಮಾಡೆಲ್ ವಸ್ತುವಿಗೆ ನಾವೇ ಸೇರಿಸೋ ಮಾಹಿತಿ ಖಾನೆ) ಮಾಡಿ, ಅದರಲ್ಲಿ ಕೋಡ್: ಲೆವೆಲ್, ಕೆಲಸ, ಭಾಗ. ಎರಡನೇ ಮಹಡಿ ಸ್ಲ್ಯಾಬ್ ಎ ಭಾಗಕ್ಕೆ 'ಎಲ್02-ಎಸ್‌ಎಲ್-ಎ'. ಪ್ಯಾರಾಮೀಟರ್ ಇನ್‌ಸ್ಟೆನ್ಸ್, ಅಂದರೆ ವಸ್ತುವಿಗೊಂದು ಬೇರೆ, ಆಗಿರಬೇಕು. ಟೈಪ್ ಅಂತ ಮಾಡಿದರೆ ಒಂದೇ ಅಳತೆಯ ಎಲ್ಲಾ ಕಾಲಂಗೂ ಒಂದೇ ಕೋಡ್ ಕೂತುಬಿಡುತ್ತೆ. ಪಾರ್ಟ್ಸ್ ಕ್ಯಾಟಗರಿಗೂ ಟಿಕ್ ಹಾಕಿ. ಎಂಎಸ್ ಪ್ರಾಜೆಕ್ಟ್‌ನಲ್ಲಿ ಅದೇ ಕೋಡ್ ಟೆಕ್ಸ್ಟ್1 ಅನ್ನೋ ಖಾನೆಯಲ್ಲಿ. ಟೈಮ್‌ಲೈನರ್‌ನಲ್ಲಿ ಡೇಟಾ ಸೋರ್ಸ್ ಸೇರಿಸುವಾಗ ಟೆಕ್ಸ್ಟ್1 ಅನ್ನ ಯೂಸರ್ 1ಕ್ಕೆ ಮ್ಯಾಪ್ ಮಾಡಿ, ಯೂಸರ್ 1 ಮತ್ತು ಈ ಪ್ಯಾರಾಮೀಟರ್ ಒಂದೇ ಆದರೆ ಅಂಟಿಸು ಅಂತ ಒಂದು ರೂಲ್ ಬರೆಯಿರಿ.

ಕೋಡ್ ಅಕ್ಷರದಿಂದಲೇ ಶುರುವಾಗಲಿ. 02-03-1 ಅಂತ ಬರೆದು ಎಕ್ಸೆಲ್‌ನಲ್ಲಿ ಒಂದು ಸಲ ತೆರೆದರೆ ಅದು ತಾರೀಕು ಆಗಿಬಿಡುತ್ತೆ. ಕೊನೆಯಲ್ಲಿ ಉಳಿದ ಖಾಲಿ ಸ್ಪೇಸ್ ಕೂಡ ಅಷ್ಟೇ ಕಾಟ ಕೊಡುತ್ತೆ, ಕಣ್ಣಿಗೆ ಕಾಣಲ್ಲ, ಮ್ಯಾಚ್ ಆಗಲ್ಲ.

ಹೂಟಗಳ್ಳಿ ಮಾಡೆಲರ್

ಲಿಂಕ್ ಕಳಚೋದರ ಬಗ್ಗೆ ಬರೆಯೋದು ಬಿಟ್ಟೆ. ಕಾರಣ ಸಾಮಾನ್ಯವಾಗಿ ಇವುಗಳಲ್ಲೊಂದು:

ಫೈಲ್ ಹೆಸರಲ್ಲೇ ರಿವಿಷನ್ ನಂಬರ್ ಇಡೋದು. 'ಹಾಸ್ಟೆಲ್ ಆರ್3' ಹೋಗಿ 'ಆರ್4' ಬಂದರೆ ಎನ್‌ಡಬ್ಲ್ಯೂಎಫ್ ಫೈಲ್‌ಗೆ (ಮೂಲ ಮಾಡೆಲ್‌ಗಳಿಗೆ ಕೊಂಡಿ ಮಾತ್ರ ಇಟ್ಟುಕೊಳ್ಳೋ ನೇವಿಸ್‌ವರ್ಕ್ಸ್ ಫೈಲ್) ಅದು ಬೇರೆಯೇ ಫೈಲ್. ಹೆಸರು ಕೊನೆತನಕ ಒಂದೇ ಇರಲಿ, ಹಳೆಯದನ್ನ ಆರ್ಕೈವ್ ಫೋಲ್ಡರ್‌ಗೆ ಸರಿಸಿ.

ಸೆಲೆಕ್ಷನ್ ಸೆಟ್ ಬಳಸಿರೋದು. ಅದು ಅವತ್ತು ಆರಿಸಿದ ವಸ್ತುಗಳನ್ನಷ್ಟೇ ಹಿಡಿದಿಟ್ಟುಕೊಳ್ಳುತ್ತೆ. ಸರ್ಚ್ ಸೆಟ್ ಆದರೆ ಷರತ್ತನ್ನ ಹಿಡಿದಿಟ್ಟುಕೊಳ್ಳುತ್ತೆ, ಹೊಸ ಕಾಲಂ ಬಂದರೆ ತಾನೇ ಒಳಗೆ ಸೇರಿಸಿಕೊಳ್ಳುತ್ತೆ.

ಶೆಡ್ಯೂಲ್ ಬದಲಾದಾಗ 'ಸಿಂಕ್ರನೈಸ್' ಕೊಟ್ಟರೆ ಇರೋ ಟಾಸ್ಕ್‌ಗಳ ತಾರೀಕು ಮಾತ್ರ ಬದಲಾಗುತ್ತೆ. ಹೊಸ ಟಾಸ್ಕ್ ಸೇರಿಸಿದ್ದರೆ 'ರೀಬಿಲ್ಡ್ ಟಾಸ್ಕ್ ಹೈರಾರ್ಕಿ' ಕೊಡಬೇಕು. ಸಿಂಕ್ರನೈಸ್ ಕೊಟ್ಟು ಹೊಸ ಟಾಸ್ಕ್ ಎಲ್ಲಿ ಅಂತ ಹುಡುಕೋರು ಬಹಳ ಜನ.

ಪ್ರತಿ ಅಪ್‌ಡೇಟ್ ಆದ ಮೇಲೆ 'ಫೈಂಡ್ ಐಟಮ್ಸ್'ನಲ್ಲಿ ಯಾವುದಕ್ಕೂ ಅಂಟದ ವಸ್ತುಗಳು, ಒಂದಕ್ಕಿಂತ ಹೆಚ್ಚು ಟಾಸ್ಕ್‌ಗೆ ಅಂಟಿದ ವಸ್ತುಗಳು, ಈ ಎರಡು ಪಟ್ಟಿ ತೆಗೆಯಿರಿ. ಎರಡೂ ಸೊನ್ನೆ ಆಗೋ ತನಕ ಸಿಮ್ಯುಲೇಷನ್ ಓಡಿಸಬೇಡಿ. ಸಾಮಾನು ಅಂಟಿದೆ, ಆದರೂ ಕಾಣ್ತಿಲ್ಲ ಅಂದರೆ ಟಾಸ್ಕ್ ಟೈಪ್ ಖಾಲಿ ಇದೆಯಾ ನೋಡಿ.

ಶ್ರೀರಂಗಪಟ್ಟಣ ಸೂಪರ್‌ವೈಸರ್

ಜಿ+4 ಬಿಲ್ಡಿಂಗ್‌ಗೆ ಇಷ್ಟೆಲ್ಲ ಯಾಕಣ್ಣ? ಮೇಸ್ತ್ರಿನ ಕೇಳುದ್ರೆ ಯಾವತ್ತು ಮೋಲ್ಡು ಅಂತ ಬಾಯಲ್ಲೇ ಹೇಳ್ತನೆ. ಕಂಪ್ಯೂಟ್ರಲ್ಲಿ ಬಿಲ್ಡಿಂಗ್ ಎದ್ದೋಯ್ತದೆ, ಸೈಟಲ್ಲಿ ಜ್ಯಾಕ್ ಇರಕ್ಕಿಲ್ಲ. ಅಷ್ಟೇ ಇದ್ರ ಕಥೆ.

ವಿಜಯನಗರ ಸ್ಟ್ರಕ್ಚರಲ್

ಅಣ್ಣ, 'ಸೈಟಲ್ಲಿ ಜ್ಯಾಕ್ ಇರಕ್ಕಿಲ್ಲ' ಅಂದಿರಲ್ಲ, 4ಡಿ ಮಾಡೋಕೆ ಅದಕ್ಕಿಂತ ಒಳ್ಳೆ ಕಾರಣ ಬೇಕಿಲ್ಲ. ಜ್ಯಾಕು (ಹಸಿ ಕಾಂಕ್ರೀಟ್‌ಗೆ ಆಸರೆ ಕೊಡೋ ಕಂಬ), ಸೆಂಟ್ರಿಂಗ್ ಶೀಟು, ಭೀಮ್ ಬಾಟಮ್ (ತೊಲೆಯ ಅಡಿಯ ಹಲಗೆ) ಇವನ್ನ ಮಾಡೆಲ್‌ನಲ್ಲಿ ಯಾರೂ ಹಾಕಲ್ಲ. ಹಾಗಾಗಿ ಸಿಮ್ಯುಲೇಷನ್ ಚೆಂದ ಓಡುತ್ತೆ, ಕೆಲಸ ನಿಲ್ಲುತ್ತೆ.

ಲೆಕ್ಕ ನೋಡಿ. ಮಹಡಿಗೆ ಎ, ಬಿ, ಸಿ ಮೂರು ಭಾಗ, 4 ದಿನಕ್ಕೊಂದು ಮೋಲ್ಡ್, ಅಂದರೆ 12 ದಿನಕ್ಕೊಂದು ಮಹಡಿ. ಬಾರ್ ಚಾರ್ಟ್‌ನಲ್ಲಿ ಇದು ಸರಾಗವಾಗಿ ಕಾಣುತ್ತೆ. ಐಎಸ್ 456:2000 (ಭಾರತೀಯ ಕಾಂಕ್ರೀಟ್ ಮಾನದಂಡ) ಪ್ರಕಾರ ಸ್ಲ್ಯಾಬ್ ಸ್ಪ್ಯಾನ್ 4.5 ಮೀಟರ್ ಒಳಗಿದ್ದರೆ ಜ್ಯಾಕ್ ಬಿಚ್ಚದೆ ಇಡಬೇಕಾದ್ದು 7 ದಿನ, ದಾಟಿದರೆ 14 ದಿನ. ಭೀಮ್ 6 ಮೀಟರ್ ಒಳಗಿದ್ದರೆ 14 ದಿನ, ದಾಟಿದರೆ 21 ದಿನ. ಹಾಸ್ಟೆಲ್ ಅಂದ ಮೇಲೆ ಊಟದ ಹಾಲ್ ಕಡೆ 6 ಮೀಟರ್ ದಾಟಿದ ಭೀಮ್ ಇದ್ದೇ ಇರುತ್ತೆ, ಹಾಗಾಗಿ 21 ಹಿಡಿಯೋಣ.

ಭೀಮ್ ಬಾಟಮ್ ಎರಡು ಸೆಟ್ ಇದೆ ಅಂತಿಟ್ಟುಕೊಳ್ಳಿ. ಒಂದನೇ ಸೆಟ್ ಮೊದಲ ಮಹಡಿ ಎ ಭಾಗದಲ್ಲಿ, ಮೋಲ್ಡ್ ಬಿದ್ದದ್ದು 0ನೇ ದಿನ. ಎರಡನೇ ಸೆಟ್ ಎರಡನೇ ಮಹಡಿ ಎ ಭಾಗದಲ್ಲಿ, 12ನೇ ದಿನ. ಮೂರನೇ ಮಹಡಿ ಎ ಭಾಗದ ಮೋಲ್ಡ್ 24ನೇ ದಿನ. ಸೆಂಟ್ರಿಂಗ್ ಮತ್ತು ಕಂಬಿಗೆ 8 ದಿನ ಬೇಕು ಅಂದರೆ ಒಂದನೇ ಸೆಟ್ 16ನೇ ದಿನ ಮೇಲೆ ಹತ್ತಬೇಕು. ಅದು ಬಿಡುಗಡೆ ಆಗೋದೇ 21ಕ್ಕೆ, ಕೆಳಗಿಳಿಸಿ ಸಾಗಿಸೋಕೆ ಒಂದು ದಿನ, 22. ಆರು ದಿನ ಸೆಂಟ್ರಿಂಗ್ ಗ್ಯಾಂಗ್ ಸುಮ್ಮನೆ ಕೂರುತ್ತೆ, ಇಲ್ಲಾಂದರೆ ಮೇಸ್ತ್ರಿ 16ನೇ ದಿನವೇ ಜ್ಯಾಕ್ ಬಿಚ್ಚುತ್ತಾನೆ. ಎರಡನೆಯದು ಅಪಾಯ, ಮತ್ತು ಸಾಮಾನ್ಯವಾಗಿ ಆಗೋದು ಅದೇ.

ಎರಡೇ ಸೆಟ್‌ನಲ್ಲಿ ನಡೆಸಬೇಕಾದರೆ ಮಹಡಿಗೆ 15 ದಿನ ಹಾಕಿ. ಆಗ ಮೂರನೇ ಮಹಡಿ ಮೋಲ್ಡ್ 30ಕ್ಕೆ, ಸೆಂಟ್ರಿಂಗ್ 22ಕ್ಕೆ, ಸರಿಹೋಗುತ್ತೆ. 12 ದಿನವೇ ಬೇಕು ಅಂದರೆ ಮೂರನೇ ಸೆಟ್ ಬಾಡಿಗೆಗೆ ತನ್ನಿ. ಯಾವುದು ಅಗ್ಗ ಅಂತ ಕೆಲಸ ಶುರುವಾಗೋ ಮೊದಲೇ ಕೂತು ನೋಡೋ ವಿಷಯ ಇದು.

ಮಾಡೆಲ್‌ನಲ್ಲಿ ಪ್ರತಿ ಭಾಗದ ಕೆಳಗೆ ಜ್ಯಾಕ್‌ಗಳಿಗೆ ಒಂದು ಸಾದಾ ಪೆಟ್ಟಿಗೆ ಆಕಾರ ಇಟ್ಟರೆ ಸಾಕು, ಟಾಸ್ಕ್ ಟೈಪ್ 'ಟೆಂಪರರಿ'. ಒಂದೊಂದು ಜ್ಯಾಕೂ ಬರೆಯೋಕೆ ಹೋಗಬೇಡಿ. ಮೇಲಿನ ದಿನಗಳು ಒಪಿಸಿ (ಸಾಮಾನ್ಯ ಪೋರ್ಟ್‌ಲ್ಯಾಂಡ್) ಸಿಮೆಂಟ್‌ಗೆ, ಅದೂ ತಾಪಮಾನ 15 ಡಿಗ್ರಿಗಿಂತ ಕೆಳಗಿಳಿಯದಿದ್ದರೆ. ಪಿಪಿಸಿ (ಪೊಝೊಲಾನಾ ಬೆರೆತ ಸಿಮೆಂಟ್) ಬಳಸ್ತಿದ್ದರೆ ದಿನ ಹೆಚ್ಚಾಗಬಹುದು, ಡಿಸೈನ್ ಮಾಡಿದವರನ್ನ ಕೇಳಿ. ಕೆಳಗಿನ ಸ್ಲ್ಯಾಬ್ ಮೇಲೆ ಹೊಸ ಮಹಡಿಯ ಭಾರ ಬೀಳುತ್ತೆ ಅನ್ನೋದೂ ಅವರ ಲೆಕ್ಕದಲ್ಲಿ ಇರಬೇಕು.

ಶ್ರೀರಂಗಪಟ್ಟಣ ಸೂಪರ್‌ವೈಸರ್

ಲೆಕ್ಕ ಸರಿಯಾಗದೆ, ಒಪ್ದೆ. ಆದ್ರೆ ಇದ್ನ ಒಂದು ಹಾಳೆ ಮೇಲೂ ಮಾಡ್ಬೋದಲ್ವ?

ವಿಜಯನಗರ ಸ್ಟ್ರಕ್ಚರಲ್

ಮಾಡಬಹುದು. ಒಂದು ಭಾಗಕ್ಕೆ ಹಾಳೆ ಸಾಕು. ಐದು ಮಹಡಿ, ಮಹಡಿಗೆ ಮೂರು ಭಾಗ, ನಡುವೆ ಮಳೆಗೆ ಎರಡು ದಿನ ಹೋಯ್ತು ಅಂದಾಗ ಹಾಳೆಯನ್ನ ಪ್ರತಿ ಸಲ ಮತ್ತೆ ಬರೆಯೋರು ಯಾರೂ ಇರಲ್ಲ. ಅಷ್ಟೇ ವ್ಯತ್ಯಾಸ.

ಗೆಜ್ಜಲಗೆರೆ ಪ್ಲಾನರ್

ಬಹಳ ಉಪಕಾರ ಆಯ್ತು. ಒಂದು ಸಂಶಯ. ಡಿ-ಶಟರಿಂಗ್‌ಗೆ (ಸೆಂಟ್ರಿಂಗ್ ಬಿಚ್ಚೋದಕ್ಕೆ) 14 ದಿನದ ಲ್ಯಾಗ್, ಅಂದರೆ ಕಾಯೋ ಅವಧಿ, ಕೊಟ್ಟಿದ್ದೇನೆ, ಎಂಎಸ್ ಪ್ರಾಜೆಕ್ಟ್ 16 ದಿನ ತೋರಿಸ್ತಿದೆ. ಯಾಕೆ?

ಹೂಟಗಳ್ಳಿ ಮಾಡೆಲರ್

ನಿಮ್ಮ ಕ್ಯಾಲೆಂಡರ್ ವಾರಕ್ಕೆ ಆರು ದಿನ ಇದೆ. ಎರಡು ಭಾನುವಾರ ಬಿಟ್ಟು ಎಣಿಸ್ತಿದೆ. ಕಾಂಕ್ರೀಟ್‌ಗೆ ಭಾನುವಾರ ರಜೆ ಇಲ್ಲ. ಲ್ಯಾಗ್‌ನ '14ed' ಅಂತ ಕೊಡಿ, ಅಂದರೆ ರಜೆ ಬಿಡದೆ ಎಣಿಸೋ ಕ್ಯಾಲೆಂಡರ್ ದಿನ. 21 ದಿನದ ಕಡೆ ed ಹಾಕದೆ ಬಿಟ್ಟರೆ 24 ತೋರಿಸುತ್ತೆ. ಪ್ರಿಮವೇರಾ ಅನ್ನೋ ಶೆಡ್ಯೂಲ್ ಸಾಫ್ಟ್‌ವೇರ್‌ನಲ್ಲಾದರೆ ಲ್ಯಾಗ್‌ಗೆ ಯಾವ ಕ್ಯಾಲೆಂಡರ್ ಅನ್ನೋ ಸೆಟ್ಟಿಂಗ್ ಬೇರೆ ಇದೆ, 24 ಗಂಟೆಯದಕ್ಕೆ ಇಡಿ.

ಕ್ಯೂರಿಂಗ್‌ಗೂ ಅಷ್ಟೇ. ಒಪಿಸಿಗೆ ಕನಿಷ್ಠ 7 ದಿನ, ಪಿಪಿಸಿಗೆ ಕನಿಷ್ಠ 10, ಬಿಸಿಲಿನ ಕಾಲದಲ್ಲಿ 14 ದಿನ ನೀರು ಬಿಡೋದು ಒಳ್ಳೇದು. ಇದನ್ನ ಲ್ಯಾಗ್ ಆಗಿ ಬಚ್ಚಿಡಬೇಡಿ, ಟಾಸ್ಕ್ ಆಗಿಯೇ ಹಾಕಿ. ಟಾಸ್ಕ್ ಇದ್ದರೆ ಭಾನುವಾರ ನೀರು ಹಾಕೋಕೆ ಯಾರು ಬರ್ತಾರೆ ಅನ್ನೋ ಪ್ರಶ್ನೆ ಶನಿವಾರವೇ ಏಳುತ್ತೆ.

ಪಾಂಡವಪುರ ಪಾಯ

ಎಲ್ಲರೂ ಸ್ಲ್ಯಾಬ್ ಮೇಲೇ ಕೂತಿದ್ದೀರಿ, ನೆಲದ ಕೆಳಗೂ ಸ್ವಲ್ಪ ನೋಡಿ. ಮಂಡ್ಯ ಸೈಟ್ ಅಂದ ಮೇಲೆ ವಿಶ್ವೇಶ್ವರಯ್ಯ ನಾಲೆಗೆ ನೀರು ಬಿಟ್ಟಾಗ ಅಚ್ಚುಕಟ್ಟು ಪ್ರದೇಶದಲ್ಲಿ ಅಂತರ್ಜಲ ಮೇಲೆ ಬರುತ್ತೆ. ಬೇಸಿಗೆಯಲ್ಲಿ ಒಣಗಿರೋ ಗುಂಡಿ ನಾಲೆ ಹರಿಯುವಾಗ ಹಾಗೇ ಇರಲ್ಲ. ಶೆಡ್ಯೂಲ್‌ನಲ್ಲಿ ಮಳೆಗಾಲ ಮಾತ್ರ ಗುರುತು ಹಾಕಿದರೆ ಸಾಲದು, ನಾಲೆ ನೀರಿನ ತಾರೀಕೂ ಒಂದು ಮೈಲಿಗಲ್ಲಾಗಿ ಇರಬೇಕು.

ಎಲ್ಲಿ ಪೆಟ್ಟು ಬೀಳುತ್ತೆ ಅಂದರೆ ಸಂಪ್‌ನಲ್ಲಿ. ಹೊರ ಅಳತೆ 6 ಮೀಟರ್ × 4 ಮೀಟರ್ ಸಂಪ್ ತೆಗೆದುಕೊಳ್ಳಿ, ತಳ 250 ಮಿಮೀ, ಗೋಡೆ 200 ಮಿಮೀ, ಒಟ್ಟು ಎತ್ತರ 3 ಮೀಟರ್. ತಳದ ಕಾಂಕ್ರೀಟ್ 6 ಕ್ಯೂಬಿಕ್ ಮೀಟರ್, ಗೋಡೆಗಳದ್ದು ಸುಮಾರು 10.5. ಎರಡೂ ಸೇರಿ ತೂಕ 41 ಟನ್ ಚಿಲ್ಲರೆ. ಹೊರಗೆ ನೀರು ತಳದಿಂದ 2 ಮೀಟರ್ ಏರಿದರೆ ಮೇಲಕ್ಕೆ ತಳ್ಳೋ ಬಲ 6×4×2, ಅಂದರೆ 48 ಟನ್. ಖಾಲಿ ಸಂಪ್ ಎದ್ದು ನಿಲ್ಲುತ್ತೆ, ಪೈಪ್ ಎಲ್ಲಾ ಕಿತ್ತುಕೊಂಡು. 150 ಮಿಮೀ ಮುಚ್ಚಳ ಸ್ಲ್ಯಾಬ್ ಬಿದ್ದರೆ ಇನ್ನೊಂದು 9 ಟನ್ ಸೇರಿ 50 ಟನ್ ಆಗುತ್ತೆ. ಅದೂ ಕೂದಲೆಳೆ ಅಂತರದಲ್ಲೇ ಸಾಕಾಗೋದು. ಸಾಮಾನ್ಯವಾಗಿ 1.2 ಪಟ್ಟು ಭದ್ರತೆ ಇಟ್ಟುಕೊಳ್ಳೋದರಿಂದ 58 ಟನ್ ಹತ್ತಿರ ಬೇಕು. ತಳವನ್ನ ಗೋಡೆಯಿಂದ ಹೊರಗೆ ಚಾಚಿ ಅದರ ಮೇಲೆ ಮಣ್ಣು ತುಂಬಿದರೆ ಆ ಭಾರ ಸಿಗುತ್ತೆ.

ಶೆಡ್ಯೂಲ್‌ನಲ್ಲಿ ಇದರ ಅರ್ಥ ಇಷ್ಟೇ: ನೀರು ಎತ್ತೋ ಪಂಪ್‌ನ ಟಾಸ್ಕ್ ಗೋಡೆ ಕಾಂಕ್ರೀಟ್ ಮುಗಿದ ದಿನ ಮುಗಿಯಬಾರದು. ಮುಚ್ಚಳ ಮತ್ತು ಸುತ್ತ ಮಣ್ಣು ತುಂಬೋದು ಎರಡೂ ಮುಗಿದ ಮೇಲೆ ಮುಗಿಯಬೇಕು. ಬಹಳಷ್ಟು ಶೆಡ್ಯೂಲ್‌ನಲ್ಲಿ ಪಂಪ್‌ಗೆ ಮುಂದಿನ ಕೊಂಡಿಯೇ ಇರಲ್ಲ, ಬಾಡಿಗೆ ಉಳಿಸೋಕೆ ಅಂತ ಯಾರೋ ಬೇಗ ವಾಪಸ್ ಕಳಿಸ್ತಾರೆ.

ಕುವೆಂಪುನಗರ ಪೈಪ್‌ಲೈನ್

ಎಲ್‌ಒಡಿ 300 ಅಂದಿರಲ್ಲ, ಅದರಲ್ಲಿ ಸ್ಲೀವ್ (ಪೈಪ್ ಹಾಯೋಕೆ ಕಾಂಕ್ರೀಟ್‌ನಲ್ಲಿ ಬಿಡೋ ತೂತು) ಇರಲ್ಲ. ಒಂದಕ್ಕೊಂದು ಕೂಡೋ ಜಾಗದ ವಿವರ ಬರೋದು 350ರಲ್ಲಿ. ಇಡೀ ಕಟ್ಟಡಕ್ಕೆ 350 ಕೇಳಬೇಡಿ, ದುಡ್ಡು ದಂಡ. ಟಾಯ್ಲೆಟ್ ಬ್ಲಾಕ್, ಡಕ್ಟ್, ಎಲೆಕ್ಟ್ರಿಕಲ್ ಶಾಫ್ಟ್, ಅಡುಗೆಮನೆಗೆ ಸಾಕು.

ಕ್ಲ್ಯಾಶ್ ಟೆಸ್ಟ್ (ಯಾವುದಕ್ಕೆ ಯಾವುದು ತಾಗುತ್ತೆ ಅನ್ನೋ ಪರೀಕ್ಷೆ) ಕೂಡ ಇಡೀ ಮಾಡೆಲ್ ಮೇಲೆ ಓಡಿಸಿದರೆ ಸಾವಿರಾರು ಬರುತ್ತೆ, ಯಾರೂ ಓದಲ್ಲ. ಮುಂದಿನ ಮೂರು ವಾರದಲ್ಲಿ ಮೋಲ್ಡ್ ಬೀಳೋ ಭಾಗಗಳ ಸರ್ಚ್ ಸೆಟ್ ಮೇಲೆ ಮಾತ್ರ ಓಡಿಸಿ. ನೆನಪಿರಲಿ, ಟೈಮ್‌ಲೈನರ್ ನೇವಿಸ್‌ವರ್ಕ್ಸ್ ಸಿಮ್ಯುಲೇಟ್‌ನಲ್ಲೂ ಇದೆ, ಕ್ಲ್ಯಾಶ್ ಡಿಟೆಕ್ಟಿವ್ ಮ್ಯಾನೇಜ್‌ನಲ್ಲಿ ಮಾತ್ರ.

ಟೆಸ್ಟ್ ಪಾಸಾಗಿ ಸೈಟ್‌ನಲ್ಲಿ ಫೇಲಾಗೋದು ಸ್ಲೋಪ್‌ನಿಂದ. 110 ಮಿಮೀ ಡ್ರೈನ್ ಪೈಪ್‌ನ ಮಾಡೆಲರ್ ಮಟ್ಟಸವಾಗಿ ಎಳೆದಿರ್ತಾನೆ. 80ಕ್ಕೆ 1 ಇಳಿಜಾರು ಕೊಟ್ಟರೆ 8 ಮೀಟರ್ ಓಟದಲ್ಲಿ 100 ಮಿಮೀ ಕೆಳಗಿಳಿಯುತ್ತೆ, ಭೀಮ್‌ಗೆ ತಾಗುತ್ತೆ. ಇಳಿಜಾರು ಹಾಕಿದ ಮೇಲೆಯೇ ಕ್ಲ್ಯಾಶ್ ನೋಡಿ. ಭೀಮ್‌ನಲ್ಲಿ ಸ್ಲೀವ್ ಎಲ್ಲಿ ಬಿಡಬಹುದು ಅನ್ನೋದನ್ನ ಪ್ಲಂಬರ್ ತೀರ್ಮಾನಿಸೋದು ಬೇಡ.

ಇನ್ನೊಂದು: ಮೂರು ಕಡೆಯಿಂದ ಬರೋ ಮಾಡೆಲ್ ಒಂದೇ ಜಾಗದಲ್ಲಿ ಕೂರಬೇಕಾದರೆ ಗ್ರಿಡ್ ಎ-1 ಕೂಡೋ ಕಡೆ ಎಲ್ಲರೂ ಒಂದು ಸಣ್ಣ ಕ್ಯೂಬ್ ಇಡಲಿ. ಸೇರಿಸಿದಾಗ ಒಂದರ ಬದಲು ಮೂರು ಕ್ಯೂಬ್ ಬೇರೆ ಬೇರೆ ಕಡೆ ಕಂಡರೆ ಬೇಸ್ ಪಾಯಿಂಟ್ (ಅಳತೆಯ ಮೂಲ ಬಿಂದು) ತಪ್ಪಿದೆ ಅಂತ ಅರ್ಥ.

ಕಂಬಿ ಲೆಕ್ಕ

ಕಾಂಕ್ರೀಟ್ ಪ್ರಮಾಣವನ್ನೂ ಅದೇ ಕೋಡ್‌ನಿಂದ ತೆಗೆಯಬಹುದು, ಆದರೆ ಒಂದು ಬಲೆ ಇದೆ. ಭೀಮ್ ಮತ್ತು ಸ್ಲ್ಯಾಬ್ ಜಾಯಿನ್ ಆಗದೆ ಒಂದರೊಳಗೊಂದು ಕೂತಿದ್ದರೆ ಎರಡೂ ಕಡೆ ಎಣಿಕೆ ಆಗುತ್ತೆ. 300 ಮಿಮೀ ಅಗಲದ ಭೀಮ್ 90 ಮೀಟರ್ ಇದ್ದು, ಸ್ಲ್ಯಾಬ್ 150 ಮಿಮೀ ಅಂದರೆ 4 ಕ್ಯೂಬಿಕ್ ಮೀಟರ್ ಸುಳ್ಳು ಲೆಕ್ಕ. ಒಂದು ಲಾರಿಯ ಮೂರನೇ ಎರಡು ಭಾಗ ಬಂತು.

ನಿಮ್ಮ ಒಂದು ಭಾಗ 300 ಚದರ ಮೀಟರ್, ಸ್ಲ್ಯಾಬ್‌ಗೆ 45, ಭೀಮ್‌ಗೆ 20 ಹಿಡಿದರೆ 65 ಕ್ಯೂಬಿಕ್ ಮೀಟರ್. 6 ಕ್ಯೂಬಿಕ್ ಮೀಟರ್‌ನ ಟ್ರಾನ್ಸಿಟ್ ಮಿಕ್ಸರ್ (ಕಾಂಕ್ರೀಟ್ ಲಾರಿ) ಆದರೆ 11 ಲೋಡ್. ಪಂಪ್ ಗಂಟೆಗೆ 20 ಎಳೆದರೆ 18 ನಿಮಿಷಕ್ಕೊಂದು ಗಾಡಿ ಬರಬೇಕು. ಐಎಸ್ 4926 (ರೆಡಿಮಿಕ್ಸ್ ಕಾಂಕ್ರೀಟ್ ಮಾನದಂಡ) ಪ್ರಕಾರ ಲೋಡ್ ಆದ 2 ಗಂಟೆ ಒಳಗೆ ಖಾಲಿಯಾಗಬೇಕು, ಪ್ಲಾಂಟ್ ಎಷ್ಟು ದೂರ ಅಂತ ಇದರ ಮೇಲೆ ನೋಡಿ. ಪರೀಕ್ಷೆಯ ಸ್ಯಾಂಪಲ್: 50 ಕ್ಯೂಬಿಕ್ ಮೀಟರ್ ದಾಟಿದರೆ 4, ಮೇಲಿನ ಪ್ರತಿ 50ಕ್ಕೆ ಅಥವಾ ಅದರ ಭಾಗಕ್ಕೆ ಇನ್ನೊಂದು. 65ಕ್ಕೆ 5 ಸ್ಯಾಂಪಲ್, ಸ್ಯಾಂಪಲ್‌ಗೆ 3 ಕ್ಯೂಬ್‌ನಂತೆ 28 ದಿನದ ಪರೀಕ್ಷೆಗೆ 15 ಕ್ಯೂಬ್. 7 ದಿನದ್ದು ಬೇಕಾದರೆ ಅದು ಪ್ರತ್ಯೇಕ. ಕ್ಯೂಬ್ ಮೇಲೆ ಎಲ್02-ಎಸ್‌ಎಲ್-ಎ ಅಂತಲೇ ಬರೆಸಿ. 28 ದಿನ ಆದ ಮೇಲೆ ರಿಸಲ್ಟ್ ಕಡಿಮೆ ಬಂದರೆ ಯಾವ ಜಾಗ ಅಂತ ಹುಡುಕಾಡೋದು ತಪ್ಪುತ್ತೆ.

ಡಾಕ್ಯುಮೆಂಟ್ ಕಂಟ್ರೋಲ್ ಮೈಸೂರು

ಮೂರನೇ ಪ್ರಶ್ನೆಗೆ ಯಾರೂ ಬರಲಿಲ್ಲ, ನಾನು ಬರ್ತೀನಿ.

ವಾಟ್ಸಾಪ್ ನಿಲ್ಲಿಸೋಕೆ ಹೋಗಬೇಡಿ, ನಿಲ್ಲಲ್ಲ. ಅಲ್ಲಿ ಮಾತಾಡಲಿ, ತೀರ್ಮಾನ ಮಾತ್ರ ಒಂದೇ ಕಡೆ ಬರಲಿ. ಐಎಸ್‌ಒ 19650 (ಬಿಮ್ ಮಾಹಿತಿ ನಿರ್ವಹಣೆಯ ಅಂತರರಾಷ್ಟ್ರೀಯ ಮಾನದಂಡ) ಹೇಳೋ ನಾಲ್ಕು ಸ್ಥಿತಿ ಇಟ್ಟುಕೊಳ್ಳಿ: ಕೆಲಸ ನಡೀತಿರೋದು, ಹಂಚಿಕೊಂಡದ್ದು, ಪ್ರಕಟಿಸಿದ್ದು, ಆರ್ಕೈವ್. ಸೈಟ್‌ಗೆ ಹೋಗೋದು ಪ್ರಕಟಿಸಿದ ಫೋಲ್ಡರ್‌ನಿಂದ ಮಾತ್ರ. ದುಬಾರಿ ಸಾಫ್ಟ್‌ವೇರ್ ಇಲ್ಲದಿದ್ದರೂ ನಾಲ್ಕು ಫೋಲ್ಡರ್, ಯಾರು ಬರೆಯಬಹುದು ಅನ್ನೋ ಅನುಮತಿ, ಇಷ್ಟರಲ್ಲೇ ನಡೆಯುತ್ತೆ. ರಿವಿಷನ್ ಫೈಲ್ ಹೆಸರಲ್ಲಿ ಬೇಡ ಅಂತ ಮೇಲೆ ಸರ್ ಹೇಳಿದ್ದಾರೆ, ಆ ಸ್ಟ್ಯಾಂಡರ್ಡ್ ಕೂಡ ಅದನ್ನ ಮೆಟಾಡೇಟಾದಲ್ಲಿಡಿ ಅನ್ನುತ್ತೆ. ಡ್ರೈವ್ ಬಳಸ್ತಿದ್ದರೆ ಒಂದು ರಿಜಿಸ್ಟರ್ ಹಾಳೆಯಲ್ಲಿ ಬರೆದಿಡಿ.

ಸಮಸ್ಯೆಗಳಿಗೆ ಬಿಸಿಎಫ್ ಬಳಸಿ. ಅದು ಚಿಕ್ಕ ಜಿಪ್ ಫೈಲ್, ಒಳಗೆ ಕ್ಯಾಮೆರಾ ನೋಟ, ಚಿತ್ರ, ಕಾಮೆಂಟ್, ಯಾರ ಪಾಲಿಗೆ, ಯಾವ ತಾರೀಕಿಗೆ, ಮತ್ತು ವಸ್ತುವಿನ ಐಎಫ್‌ಸಿ (ಎಲ್ಲ ಬಿಮ್ ಸಾಫ್ಟ್‌ವೇರ್‌ಗೂ ಸಾಮಾನ್ಯವಾದ ಫೈಲ್ ರೂಪ) ಗುರುತು, 22 ಅಕ್ಷರದ್ದು. ಮಾಡೆಲರ್ ಕಾಲಂನ ಅಳಿಸಿ ಹೊಸದಾಗಿ ಎಳೆದರೆ ಈ ಗುರುತು ಬದಲಾಗುತ್ತೆ, ಹಳೆ ಚರ್ಚೆ ಅನಾಥ ಆಗುತ್ತೆ. ಸರಿಸಿ, ಅಳತೆ ಬದಲಿಸಿ, ಅಳಿಸಬೇಡಿ ಅಂತ ಮೊದಲ ಮೀಟಿಂಗ್‌ನಲ್ಲೇ ಹೇಳಿ.

ಇನ್ನು ತಡವಾದ ಕಾರಣ. ವಾರದ ಕೊನೆಗೆ ಆಗದೆ ಉಳಿದ ಪ್ರತಿ ಟಾಸ್ಕ್‌ಗೂ ಒಂದು ಕಾರಣ ಕೋಡ್: ಡ್ರಾಯಿಂಗ್, ಸಾಮಾನು, ಆಳು, ಹಿಂದಿನ ಕೆಲಸ, ಮಷಿನ್, ಮಳೆ, ನಾಲೆ ನೀರು, ಒಪ್ಪಿಗೆ. 'ಇತರೆ' ಅನ್ನೋದನ್ನ ಪಟ್ಟಿಯಲ್ಲಿ ಇಡಲೇಬೇಡಿ, ಇಟ್ಟರೆ ಎಲ್ಲವೂ ಅದರಲ್ಲೇ ಬೀಳುತ್ತೆ. ಜೊತೆಗೆ ಒಂದೇ ಸಾಲು: ಏನಾಯ್ತು, ಮುಂದಿನ ಭಾಗದಲ್ಲಿ ಏನು ಬದಲಿಸ್ತೀವಿ. ಎ ಭಾಗದಲ್ಲಿ ಬರೆದದ್ದನ್ನ ಬಿ ಭಾಗದ ಸೆಂಟ್ರಿಂಗ್ ಶುರುವಾಗೋ ಮೊದಲು ಯಾರಾದರೂ ಜೋರಾಗಿ ಓದಬೇಕು. ಕೆಲಸ ಮುಗಿದ ಮೇಲೆ ಬರೆಯೋ 'ಕಲಿತ ಪಾಠ' ವರದಿಯನ್ನ ಯಾರೂ ತೆರೆಯಲ್ಲ.

ಶ್ರೀರಂಗಪಟ್ಟಣ ಸೂಪರ್‌ವೈಸರ್

ಮೇಡಂ ಹೇಳಿದ್ದು ಸರಿ. ಕ್ಯಾಲೆಂಡರ್‌ಗೆ ಒಂದು ಮಾತು ಸೇರ್ಸಿ: ಯುಗಾದಿ ಮಾರನೇ ದಿನ ವರ್ಸದ ತೊಡಕು, ಈ ಕಡೆ ಆಳು ಬರಕ್ಕಿಲ್ಲ. ಆಯುಧಪೂಜೆಗೆ ಮಷಿನ್ ತೊಳ್ದು ಪೂಜೆ ಮಾಡಿ ನಿಲ್ಲಿಸ್ತರೆ, ಅವತ್ತು ಪಂಪ್ ಬುಕ್ ಮಾಡ್ಬೇಡಿ. ಬಿಹಾರದ ಹುಡುಗ್ರು ಛಠ್‌ಗೆ, ಹೋಳಿಗೆ ಊರಿಗ್ ಹೋದ್ರೆ ಎರಡು ದಿನಕ್ಕೆ ವಾಪಸ್ ಬರಾರಲ್ಲ. ಎಂಎಸ್ ಪ್ರಾಜೆಕ್ಟ್‌ಗೆ ಇದ್ಯಾವ್ದೂ ಗೊತ್ತಿಲ್ಲ.

ಹೂಟಗಳ್ಳಿ ಮಾಡೆಲರ್

ಇದಕ್ಕೇ ಗ್ಯಾಂಗ್‌ಗೊಂದು ಕ್ಯಾಲೆಂಡರ್ ಮಾಡಬೇಕು. ಸೆಂಟ್ರಿಂಗ್‌ನವರದು, ಕಂಬಿಯವರದು ಬೇರೆ ಬೇರೆ. ಮೈಸೂರಲ್ಲಿ ಮಳೆ ಮೇ ತಿಂಗಳಲ್ಲೂ ಅಕ್ಟೋಬರ್‌ನಲ್ಲೂ ಜೋರು, ಜೂನ್‌ನಿಂದ ಸೆಪ್ಟೆಂಬರ್ ಮಾತ್ರ ಮಳೆಗಾಲ ಅಂತ ಗುರುತು ಹಾಕಿದ ಕ್ಯಾಲೆಂಡರ್ ಇಲ್ಲಿಗೆ ಹೊಂದಲ್ಲ. ದಸರಾ, ಮಳೆ ಎರಡೂ ಒಟ್ಟಿಗೆ ಬರೋ ಹದಿನೈದು ದಿನಕ್ಕೆ ಟೆರೇಸ್ ವಾಟರ್‌ಪ್ರೂಫಿಂಗ್ ಇಡಬೇಡಿ.

ಗೆಜ್ಜಲಗೆರೆ ಪ್ಲಾನರ್

ಎಲ್ಲರಿಗೂ ವಂದನೆ. ಕೊನೆಯದಾಗಿ: ನೇವಿಸ್‌ವರ್ಕ್ಸ್ ಲೈಸೆನ್ಸ್ ಒಂದೇ ಇದೆ. ಸೈಟ್‌ನವರಿಗೆ ಹೇಗೆ ತಲುಪಿಸೋದು?

ಹೂಟಗಳ್ಳಿ ಮಾಡೆಲರ್

ವಾರಕ್ಕೊಂದು ಎನ್‌ಡಬ್ಲ್ಯೂಡಿ (ಮಾಡೆಲ್ ಎಲ್ಲಾ ಒಳಗೇ ಸೇರಿದ ಫೈಲ್) ಪಬ್ಲಿಷ್ ಮಾಡಿ, ನೇವಿಸ್‌ವರ್ಕ್ಸ್ ಫ್ರೀಡಮ್ ಉಚಿತ, ಅದರಲ್ಲಿ ತೆರೆಯುತ್ತೆ. ನೀವು ಕೆಲಸ ಮಾಡೋದು ಮಾತ್ರ ಎನ್‌ಡಬ್ಲ್ಯೂಎಫ್‌ನಲ್ಲೇ. ಪೂರ್ತಿ ಉಚಿತ ದಾರಿ ಬೇಕಾದರೆ ಬ್ಲೆಂಡರ್ ಮೇಲೆ ಓಡೋ ಬೋನ್ಸಾಯ್ ಇದೆ, ಶೆಡ್ಯೂಲ್‌ನ ಐಎಫ್‌ಸಿ ಫೈಲ್ ಒಳಗೇ ಬರೆದಿಡುತ್ತೆ, ಎಂಎಸ್ ಪ್ರಾಜೆಕ್ಟ್ ಎಕ್ಸ್‌ಎಂಎಲ್ ಕೂಡ ಓದುತ್ತೆ. ಕಲಿಯೋಕೆ ತಾಳ್ಮೆ ಬೇಕು.

ಮೇಸ್ತ್ರಿಗೆ ಯಾವುದೂ ಬೇಡ. ಎ3 ಹಾಳೆ, ಮೇಲಿನಿಂದ ನೋಡಿದ ಮಹಡಿ ಚಿತ್ರ, ಈ ವಾರದ್ದು ಕೆಂಪು, ಮುಂದಿನದು ಹಳದಿ, ಅದರ ಮುಂದಿನದು ಹಸಿರು. ಪ್ರತಿ ಭಾಗದ ಮೇಲೆ ಕೋಡ್, ಮೋಲ್ಡ್ ತಾರೀಕು, ಜ್ಯಾಕ್ ಬಿಚ್ಚೋ ತಾರೀಕು. ಬಿಚ್ಚೋ ತಾರೀಕು ಉಳಿದದ್ದಕ್ಕಿಂತ ದೊಡ್ಡಕ್ಷರದಲ್ಲಿ, ಕನ್ನಡ ಹಿಂದಿ ಎರಡರಲ್ಲೂ. ಸಿಮೆಂಟ್ ಗೋಡೌನ್ ಬಾಗಿಲಿಗೆ ಅಂಟಿಸಿ, ಎಲ್ಲರೂ ಅಲ್ಲಿಗೆ ಬಂದೇ ಬರ್ತಾರೆ. ಸೋಮವಾರ ಹೊಸದು ಅಂಟಿಸುವಾಗ ಹಳೆಯದನ್ನ ಕಿತ್ತುಹಾಕಿ.

ಶ್ರೀರಂಗಪಟ್ಟಣ ಸೂಪರ್‌ವೈಸರ್

ಲ್ಯಾಮಿನೇಷನ್ ಮಾಡ್ಸಿ ಅಣ್ಣ, ಇಲ್ದಿದ್ರೆ ಬುಧವಾರದ ಹೊತ್ಗೆ ಹಾಳೆ ಇರಕ್ಕಿಲ್ಲ.